ತೌಡಿಗೆ ಕೊಟ್ಟ ಮಗಳು

ಕೋಟೆಯಲ್ಲಿ ಬದುಕೋದೂ ಅಗ್ಗ, ಸಾಯೋದೂ ಅಗ್ಗ ಎಂದು ಹುಣಸೂರು ಕಡೆಯವರು ಆಡಿಕೊಳ್ಳುತ್ತಿದ್ದ ಕಾಲ ಅದು. ಕೋಟೆ ಅಂದರೆ ಹೆಗ್ಗಡದೇವನಕೋಟೆ. ಕಾಡಿನ ಅಂಚು, ಚಳಿಜ್ವರದ ಸೀಮೆ. ಅಲ್ಲಿಗೆ ಹೆಣ್ಣು ಕೊಡಲು ಜನ ಹಿಂದೆ ಮುಂದೆ ನೋಡುತ್ತಿದ್ದರು. ವರ್ಗವಾಗಿ ಬಂದ ಗುಮಾಸ್ತರು ಹೆಂಡತಿ ಮಕ್ಕಳನ್ನು ಮೈಸೂರಲ್ಲೇ ಬಿಟ್ಟು ಒಬ್ಬರೇ ಬಂದು, ದಿನ ಎಣಿಸಿ, ವಾಪಸ್ಸು ಓಡುತ್ತಿದ್ದರು. ಆದರೆ ಶಿವರುದ್ರಮ್ಮನ ಎದುರಿಗೆ ಯಾರಾದರೂ ಊರಿನ ಬಗ್ಗೆ ಕೊಂಕು ನುಡಿದರೋ, ಅವರಿಗೆ ಗ್ರಹಚಾರ ಬಿಡಿಸಿಬಿಡುತ್ತಿದ್ದಳು.

ಅಂಥ ಶಿವರುದ್ರಮ್ಮನ ಮಗ ಕಂಠಪ್ಪನೇ ಒಂದು ಮಧ್ಯಾಹ್ನ ಮುದ್ದೆ ಮುರಿಯುತ್ತಾ ಆ ಮಾತು ತೆಗೆದ.

"ಅಪ್ಪಾಜಿ, ಕೆ.ಆರ್. ನಗರದ ಅಕ್ಕಿ ಗಿರಣೀಲಿ ರೈಟ್ರು ಕೆಲಸ ಖಾಲಿ ಅದಂತೆ. ಬಂದು ಸೇರ್ಕೊ ಅಂದವ್ರೆ."

ಅಪ್ಪ ಪುಟ್ಟಮಲ್ಲಪ್ಪ ಬೆಲ್ಲ, ಉಪ್ಪು, ಎಣ್ಣೆಯ ಚಿಲ್ಲರೆ ಅಂಗಡಿ ಇಟ್ಟುಕೊಂಡವನು. ಮಾತಿಗಿಂತ ಮೊದಲು ತಕ್ಕಡಿ ಎತ್ತುವ ಮನುಷ್ಯ.

"ಸಂಬಳ?"

"ಅರವತ್ತು."

"ಮನೆ ಬಾಡಿಗೆ?"

"ಎಂಟೋ ಒಂಬತ್ತೋ ಆಯ್ತದೆ."

"ಸೌದೆ?"

ಕಂಠಪ್ಪ ತಲೆ ತಗ್ಗಿಸಿದ. "ಕೊಳ್ಳಬೇಕು."

"ಸೌದೆ ಕೊಳ್ಳಬೇಕಾ!" ಶಿವರುದ್ರಮ್ಮ ಸೌಟು ಹಿಡಿದೇ ಒಳಗಿನಿಂದ ಬಂದಳು. "ಕೇಳಿದ್ರೇನ್ರೀ? ಒಲೆಗೆ ಹಾಕೋ ಕಟ್ಟಿಗೆಗೂ ಕಾಸು ಕೊಟ್ಟು ಬದುಕ್ತಾನಂತೆ ನಿಮ್ಮ ಮಗ. ಎಡತೊರೇಲಿ ಏನ್ಲಾ ಅದೆ? ಇಲ್ಲಿ ಕೊಟ್ಟಿಗೇಲಿ ಹಸ ಅದೆ, ಹಿತ್ತಲಲ್ಲಿ ಬಾವಿ ಅದೆ, ಕಣಜದಲ್ಲಿ ರಾಗಿ ಅದೆ. ಇಲ್ಲಿ ಏನ್ ಕಮ್ಮಿ ಆಗದೆ ನಿಂಗೆ?"

ಕೆ.ಆರ್. ನಗರ ಹಳಬರ ಬಾಯಲ್ಲಿ ಇನ್ನೂ ಎಡತೊರೆಯೇ ಆಗಿತ್ತು.

"ಅಲ್ಲಿ ಅಕ್ಕಿ ಅಗ್ಗ ಕಣವ್ವ, ಕಾಲುವೆ ಸೀಮೆ. ಬೀದೀಲಿ ನಲ್ಲಿ ಅದೆ, ಕರೆಂಟು ದೀಪ ಅದೆ. ಇಸ್ಕೂಲದೆ, ಡಾಕ್ಟ್ರವ್ರೆ."

"ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ. ದೀಪ ನೋಡ್ಕೊಂಡು ಉಣ್ಣಕ್ಕಾದಾತಾ?"

ಸೊಸೆ ಪ್ರೇಮಮ್ಮ ಕಂಬದ ಮರೆಯಲ್ಲಿ ಮಜ್ಜಿಗೆ ಚೊಂಬು ಹಿಡಿದು ನಿಂತಿದ್ದಳು. ಪಿರಿಯಾಪಟ್ಟಣದ ಕಡೆಯ ಹೆಣ್ಣು, ಮಾತು ಕಡಿಮೆ. ಅಂದು ಮಾತ್ರ ಬಾಯಿಬಿಟ್ಟಳು.

"ಅಲ್ಲಿ ಜ್ವರ ಇಲ್ವಂತೆ ಅತ್ತೆ."

ತಂದೆಯ ಪಕ್ಕದಲ್ಲಿ ಕೂತಿದ್ದ ಆರು ವರ್ಷದ ಹುಡುಗಿ ಅನ್ನ ಕಲಸುತ್ತಾ, "ಅಕ್ಕ, ಮಜ್ಜಿಗೆ" ಅಂದಳು. ಪ್ರೇಮಮ್ಮ ಬಂದು ಬಗ್ಗಿ ಬಡಿಸಿದಳು.

ಅಕ್ಕ ಎಂದು ಕರೆದದ್ದು ಹೆತ್ತ ತಾಯಿಯನ್ನು. ಇದೆಂಥ ಸಂಬಂಧ ಅನ್ನುತ್ತೀರಿ. ಹೇಳುತ್ತೇನೆ.

ಶಿವರುದ್ರಮ್ಮ ಹೆತ್ತದ್ದು ಐವರನ್ನು. ಉಳಿದವನು ಕಂಠಪ್ಪನೊಬ್ಬ. ಮಿಕ್ಕ ನಾಲ್ವರು ಮನೆಯ ಹಿಂದಿನ ಹೊಲದ ಬದುವಿನಲ್ಲಿ ಹೊಂಗೆಮರದ ಕೆಳಗೆ ಸಾಲಾಗಿ ಮಣ್ಣಾಗಿದ್ದರು. ಪ್ರೇಮಮ್ಮ ಈ ಮನೆ ತುಂಬಿದ ಮೇಲೆ ಎರಡು ಗಂಡು ಹುಟ್ಟಿದವು. ಒಂದು ತೆವಳುವ ಹೊತ್ತಿಗೆ ಹೋಯಿತು, ಇನ್ನೊಂದು ತೊದಲು ನುಡಿಯುವ ಹೊತ್ತಿಗೆ. ಹೊಂಗೆಯ ಸಾಲು ಉದ್ದವಾಯಿತು. ಮೂರನೆಯದು ಹೆಣ್ಣು. ಪುರುಡು ಕಳೆದ ದಿನವೇ ಶಿವರುದ್ರಮ್ಮ ಕೂಸನ್ನು ತಿಪ್ಪೆಯ ಮೇಲೆ ಹೊರಳಿಸಿ, ಮೊರದಲ್ಲಿ ಮಲಗಿಸಿ, ಹಿತ್ತಿಲ ಬಾಗಿಲಲ್ಲಿ ಪಕ್ಕದ ಮನೆಯ ಕುಳ್ಳಮ್ಮನ ಕೈಗೆ ಕೊಟ್ಟುಬಿಟ್ಟಳು. ಸಾವಿನ ಕಣ್ಣು ತಪ್ಪಿಸಲು ಮಕ್ಕಳು ದಕ್ಕದ ಮನೆಗಳಲ್ಲಿ ಹಿಂದಿನಿಂದ ನಡೆದು ಬಂದ ಉಪಾಯ ಅದು. ಕುಳ್ಳಮ್ಮ ಒಕ್ಕಲುಮನೆಯ ಹೆಂಗಸು, ಮಕ್ಕಳಿಲ್ಲದವಳು. ಒಂದು ಮೊರ ತೌಡು ತಂದು ಹೊಸಿಲಲ್ಲಿಟ್ಟು, "ಕೊಂಡ್ಕಂಡೆ ಕಣ್ರಪ್ಪಾ, ಇನ್ ಮ್ಯಾಲೆ ಈ ಕೂಸು ನಂದು" ಎಂದು ನಾಲ್ಕು ದಿಕ್ಕಿಗೂ ಕೇಳುವಂತೆ ಕೂಗಿದಳು. ತೌಡನ್ನು ಹಸು ತಿಂದಿತು. ಕೂಸಿಗೆ ತಿಪ್ಪಿ ಎಂದು ಹೆಸರಾಯಿತು.

ಅಂದಿನಿಂದ ಆ ಮನೆಯಲ್ಲಿ ಒಂದು ಕಟ್ಟಳೆ. ತಿಪ್ಪಿ ಉಣ್ಣುವುದು ಇಲ್ಲಿ, ಮಲಗುವುದು ಇಲ್ಲಿ. ಆದರೆ ಅವಳನ್ನು ಯಾರೂ ನಮ್ಮ ಮಗು ಎನ್ನಕೂಡದು. ಕುಳ್ಳಮ್ಮ ಅವಳಿಗೆ ಅವ್ವ. ಹೆತ್ತವಳು ಅಕ್ಕ. ಯಾರ ಮಗು ಎಂದು ಕೇಳಿದರೆ ಪಕ್ಕದ ಮನೆ ಕಡೆ ಕೈ ತೋರಿಸಬೇಕು. ಮದುವೆಯ ಹಸೆಗೆ ಕೂರಿಸುವ ದಿನ ತೌಡು ಹಿಂದಕ್ಕೆ ಕೊಟ್ಟು ಬಿಡಿಸಿಕೊಂಡರಾಯಿತು ಎಂದು ಶಿವರುದ್ರಮ್ಮ ತೀರ್ಮಾನ ಮಾಡಿದ್ದಳು. ಹುಡುಗಿ ಉಳಿದಿದ್ದಳು. ಉಳಿದ ಮೇಲೆ ವಾದ ಮಾಡುವವರು ಯಾರು?

ಶಿವರುದ್ರಮ್ಮನಿಗೆ ಮಾತ್ರ ಒಂದು ದಿನವೂ ನಿಶ್ಚಿಂತೆ ಇರಲಿಲ್ಲ. ಹೊಸಿಲಾಚೆ ಯಾವುದೋ ಒಂದು ಕೂತು ಈ ಮನೆಯ ಮಕ್ಕಳನ್ನು ಎಣಿಸುತ್ತಿದೆ ಎಂದು ಅವಳಿಗೆ ಗೊತ್ತಿತ್ತು. ಹೊತ್ತು ಮುಳುಗುವ ಮುಂಚೆ ಹಿತ್ತಿಲ ಬಾಗಿಲು ಹಾಕುವಳು. ಹೊಂಗೆಯ ಕಡೆ ಕಣ್ಣು ಹಾಯಿಸಳು. ತಿಪ್ಪಿಯ ಒಂದು ತಟ್ಟೆಗೆ ಬಡಿಸುವಾಗ ಇನ್ನೂ ಆರು ತಟ್ಟೆಗಳು ಪಕ್ಕದಲ್ಲಿ ಕಾಯುತ್ತಿವೆ ಅನ್ನಿಸಿ, ಎಷ್ಟೋ ಸಲ ಸೌಟು ಗಾಳಿಯಲ್ಲಿ ನಿಂತುಬಿಡುತ್ತಿತ್ತು. ಇದನ್ನೆಲ್ಲ ಅವಳು ಯಾರಿಗೂ ಹೇಳಿದವಳಲ್ಲ. ಹೇಳುವ ಬದಲು ಸೌದೆಯ ಬೆಲೆ ಹೇಳುತ್ತಿದ್ದಳು.

ಹೀಗೆ ಒಂದೆರಡು ವಾರ ಆ ಮನೆಯಲ್ಲಿ ಊಟಕ್ಕೆ ಕೂತಾಗಲೆಲ್ಲ ಎರಡು ಊರುಗಳ ತಕ್ಕಡಿ ತೂಗಿತು. ಅಲ್ಲಿ ಅಕ್ಕಿ ಅಗ್ಗವಾದರೆ ಇಲ್ಲಿ ರಾಗಿ ಬಿಟ್ಟಿ. ಇಲ್ಲಿ ಹಾಲು ಮನೆಯದು, ಅಲ್ಲಿ ಕಾಸು ಕೊಟ್ಟು ಹಾಕಿಸಿಕೊಳ್ಳುವ ವರ್ತನೆಯ ಹಾಲು, ಅರ್ಧ ನೀರು. ಅಲ್ಲಿ ಬೀದಿ ನೆಟ್ಟಗಿದೆ ಎಂದು ಕಂಠಪ್ಪ ಹೇಳಿದರೆ, "ಬೀದಿ ನೆಟ್ಟಗಿದ್ರೆ ನಿನ್ನ ಸೊಂಟ ನೆಟ್ಟಗಾಯ್ತದಾ?" ಎಂದು ಅವನವ್ವ.

ಕೊನೆಗೆ ಕಂಠಪ್ಪ ಹೊರಡುವುದೆಂದೇ ಆಯಿತು. ಪ್ರೇಮಮ್ಮ ಒಂದು ಬೆಳಿಗ್ಗೆ ಹಿತ್ತಿಲಲ್ಲಿ ಪಾತ್ರೆ ಬೆಳಗುತ್ತಾ ಅತ್ತೆಯನ್ನು ನೇರವಾಗಿ ಕೇಳಿದಳು.

"ಅತ್ತೆ, ಹೋಗೋಕೆ ಮುಂಚೆ ಒಂದು ಮೊರ ತೌಡು ಕೊಟ್ಟು ಬಿಡಿಸಿಕೊಡಿ. ನಿಮ್ಮ ಕಾಲಿಗೆ ಬೀಳ್ತೀನಿ."

"ಬಾಯ್ಮುಚ್ಚಮ್ಮಿ! ಮೆತ್ತಗೆ! ಯಾರಾರ ಕೇಳಿಸ್ಕೊಂಡಾರು!"

"ಯಾರು ಕೇಳಿಸ್ಕೊಂಡಾರು ಅತ್ತೆ? ಇಲ್ಲಿ ನಾನು ನೀವು ಇಬ್ರೆ ತಾನೆ ಇರೋದು?"

ಶಿವರುದ್ರಮ್ಮ ಹೊಂಗೆಯ ಕಡೆ ಬೆನ್ನು ತಿರುಗಿಸಿ ನಿಂತಳು.

ಬೇಲಿಯಾಚೆ ಸಗಣಿ ತಟ್ಟುತ್ತಿದ್ದ ಕುಳ್ಳಮ್ಮ ಕೈ ಒರೆಸಿಕೊಂಡು ಎದ್ದು ಬಂದಳು. ಅವಳ ಕಣ್ಣು ಆಗಲೇ ಕೆಂಪಾಗಿದ್ದವು. "ಶಿವರುದ್ರಕ್ಕ, ನೀವು ಬಾಯ್ಬುಟ್ಟು ಕೇಳಿದ್ರೆ ನಾನು ತೌಡೂ ಈಸ್ಕೊಳ್ಳಾಕಿಲ್ಲ, ಅಂಗೇ ಕೊಡ್ತೀನಿ. ಹೊಟ್ಟೆ ಉರೀತದೆ, ಆದ್ರೂವೆ ಕೊಡ್ತೀನಿ. ನಮ್ಮನೆ ಒಲೆ ಮ್ಯಾಲಿಂದು ಒಂದು ತುತ್ತು ಉಣ್ಣಿಸೋ ಅಂಗಿಲ್ಲ, ಬರೀ ಬಾಯಲ್ಲಿ ಅವ್ವ ಅನ್ನಿಸ್ಕಂಡಿವ್ನಿ. ಹೆತ್ತೋಳ ಉಸುರು ತಟ್ಟಬಾರ್ದು."

ಎಲ್ಲ ಶಿವರುದ್ರಮ್ಮನ ಒಂದು ಮಾತಿಗೆ ನಿಂತಿತ್ತು. ಅವಳು ಕೇಳಲಿಲ್ಲ. "ಮಾರಿದ್ದು ಮಾರಿದ್ದೇ" ಅಂದಳು. "ಕರ್ಕೊಂಡೋಗೋದಾದ್ರೆ ಹೋಗ್ಲಿ. ಆದ್ರೆ ಅಲ್ಲೂ ಅಕ್ಕ ಅಂತ್ಲೇ ಅನ್ನಬೇಕು. ಆಣೆ ಮಾಡು."

ಪ್ರೇಮಮ್ಮ ಕತ್ತಿನ ಲಿಂಗ ಮುಟ್ಟಿ ಏನನ್ನೋ ಗೊಣಗಿದಳು. ಏನು ಗೊಣಗಿದಳು ಎಂದು ಶಿವರುದ್ರಮ್ಮ ಕೇಳಲು ಹೋಗಲಿಲ್ಲ.

ಅವರು ಹೋದ ಮೇಲೆ ಮನೆ ಬಿಕೋ ಎಂದಿತು. ಕುಳ್ಳಮ್ಮ ಬೇಲಿಯ ಹತ್ತಿರ ಬಂದು, "ಯೋನಾರ ಸುದ್ದಿ ಬಂತಾ ಅಕ್ಕ?" ಎಂದು ಕೇಳಿ ಹೋಗುತ್ತಿದ್ದಳು. ಕಂಠಪ್ಪ ತಿಂಗಳಿಗೊಮ್ಮೆ ಬರುವನು, ಬಂದಾಗಲೆಲ್ಲ ಅಪ್ಪ ಮಗ ಮತ್ತೆ ತಕ್ಕಡಿ ಹಿಡಿಯುವರು. ಸಂಬಳದಲ್ಲಿ ಉಳಿಯುವುದು ಏನೂ ಇಲ್ಲ ಎಂದು ಮಗ ಒಪ್ಪಿಕೊಂಡ. ಆದರೆ ಅವನ ಮುಖ ಮಾತ್ರ ಗೆಲುವಾಗಿತ್ತು. "ಪ್ರೇಮ ಈಗ ನಗ್ತಾಳೆ ಕಣವ್ವ" ಅಂದ. ಅದೊಂದು ಸುದ್ದಿಯೇ? ಶಿವರುದ್ರಮ್ಮನಿಗೆ ಅದೇ ಭಯವಾಯಿತು. ಈ ಮನೆಯಲ್ಲಿ ಗಟ್ಟಿಯಾಗಿ ನಕ್ಕ ತಾಯಂದಿರ ಗತಿ ಏನಾಯಿತು ಎಂದು ಅವಳಿಗೆ ಗೊತ್ತಿರಲಿಲ್ಲವೇ.

ದೀಪಾವಳಿ ಕಳೆದ ಮೇಲೆ ತಡೆಯಲಾರದೆ ಮಗನ ಜೊತೆ ಹೊರಟೇಬಿಟ್ಟಳು. ಮೈಸೂರಿಗೆ ಬಸ್ಸು, ಅಲ್ಲಿಂದ ರೈಲು. ಮಡಿಲಲ್ಲಿ ರಾಗಿಹಿಟ್ಟಿನ ಗಂಟು, ತುಪ್ಪದ ಗಡಿಗೆ.

ಕೆ.ಆರ್. ನಗರದ ಮನೆ ಒಂದು ವಠಾರದಲ್ಲಿತ್ತು. ಅಂಗಳದಲ್ಲಿ ಕಾಲಿಟ್ಟಳೋ ಇಲ್ಲವೋ, ಒಳಗಿನಿಂದ ಕೂಗು ಬಂತು: "ಅವ್ವಾ! ಅಜ್ಜಿ ಬಂತು ಕಣವ್ವಾ!"

ಶಿವರುದ್ರಮ್ಮನ ಕೈಯಲ್ಲಿದ್ದ ಗಡಿಗೆ ಜಾರುವುದರಲ್ಲಿತ್ತು. ಹುಡುಗಿ ಓಡಿ ಬಂದು ಕಾಲನ್ನು ತಬ್ಬಿಕೊಂಡಳು. ಗುಂಡುಗುಂಡಗೆ ಆಗಿದ್ದಳು. ಎಣ್ಣೆ ಹಚ್ಚಿ ಬಾಚಿದ ಜಡೆ, ಕೈಯಲ್ಲಿ ಸ್ಲೇಟು. ಮನೆ ಯಜಮಾನರ ಹೆಂಡತಿ ರುಕ್ಮಿಣಮ್ಮ ಜಗುಲಿಯಿಂದಲೇ ನಕ್ಕು, "ನಿಮ್ಮ ಮೊಮ್ಮಗಳು ಸರ್ವಮಂಗಳಾ ಬಲು ಚೂಟಿ ಕಣ್ರೀ" ಅಂದರು.

"ನಮ್ಮ ಮೊಮ್ಮಗಳಲ್ಲ ಕಣ್ರವ್ವ" ಅಂದಳು ಶಿವರುದ್ರಮ್ಮ, ಉಸಿರು ತಿರುಗಿಸದೆ. "ಇವ್ಳು ನಮ್ಮ ಪಕ್ಕದ ಮನೆ ಕುಳ್ಳಮ್ಮನ ಮಗಳು. ಹೆಸ್ರು ತಿಪ್ಪಿ."

ರುಕ್ಮಿಣಮ್ಮನ ನಗು ಅಲ್ಲೇ ನಿಂತಿತು. ಊರು ಬಿಟ್ಟ ಮೇಲೆ ಆ ಹೊಸ ಹೆಸರಿಟ್ಟಿದ್ದ ಪ್ರೇಮಮ್ಮ ಬಾಗಿಲಲ್ಲಿ ನಿಂತು ಇದನ್ನೆಲ್ಲ ಕೇಳಿದಳು.

ಅಂದು ಸಂಜೆಯವರೆಗೆ ಶಿವರುದ್ರಮ್ಮ ತಪ್ಪು ಹುಡುಕುವ ಕೆಲಸವನ್ನೇ ಮಾಡಿದಳು. ಬೆರಣಿಗೆ ಕಾಸು ಕೊಡಬೇಕೇ? ಕರಿಬೇವಿಗೂ ಕಾಸೇ? ಮಜ್ಜಿಗೆಯಲ್ಲಿ ಮಜ್ಜಿಗೆ ಎಲ್ಲಿದೆ? ಪ್ರೇಮಮ್ಮ ಎಲ್ಲಕ್ಕೂ ಹೂಂಗುಟ್ಟಿ ಒಲೆ ಊದುತ್ತಿದ್ದಳು. ಹುಡುಗಿ ಆಡಲು ಹೊರಗೆ ಹೋದ ಮೇಲೆ ಅತ್ತೆ ಅಸಲು ಮಾತಿಗೆ ಬಂದಳು.

"ಆಣೆ ಮಾಡಿದ್ದಲ್ಲಮ್ಮಿ!"

ಪ್ರೇಮಮ್ಮ ಊದುಗೊಳವೆ ಕೆಳಗಿಟ್ಟಳು. "ಆರು ವರ್ಷ ಅತ್ತೆ. ಮೊಲೆ ಕೊಡೋವಾಗ್ಲೂ ಮಗಳೇ ಅನ್ನೋಕೆ ಬುಡಲಿಲ್ಲ ನೀವು. ಬಿದ್ದು ಅತ್ತರೆ ಬೇಲಿ ಹಾರಿ ಅವರ ಮನೆಗೋಗೋಳು, ನಾನು ನಿಂತು ನೋಡಬೇಕಿತ್ತು. ಇಲ್ಲಿ ಸೌದೆ ತುಟ್ಟಿ, ಹಾಲು ತುಟ್ಟಿ, ಎಲ್ಲ ತುಟ್ಟಿ. ಆಗ್ಲಿ. ಒಂದು ಹೊತ್ತು ಉಂಡು ಇರ್ತೀನಿ. ಅವ್ವ ಅಂತಾಳಲ್ಲ, ಅಷ್ಟು ಸಾಕು ನಂಗೆ."

"ನಾನೂ ಅನ್ನಿಸ್ಕೊಂಡಿದ್ದೆ ಕಣೆ! ಇನ್ನೂ ನಾಲ್ಕು ಬಾಯಲ್ಲಿ ಅನ್ನಿಸ್ಕೊಂಡಿದ್ದೆ. ಎಲ್ಲವ್ರೆ ಈಗ? ಎಲ್ಲವ್ರೆ ಹೇಳು!"

ಇಷ್ಟು ವರ್ಷಗಳಲ್ಲಿ ಆ ನಾಲ್ವರ ಮಾತನ್ನು ಶಿವರುದ್ರಮ್ಮ ಬಾಯಿಬಿಟ್ಟು ಆಡಿದ್ದು ಅದೇ ಮೊದಲು. ಆಡಿದ ಮೇಲೆ ಅವಳಿಗೇ ಗಾಬರಿಯಾಗಿ ಬಾಗಿಲ ಕಡೆ ನೋಡಿದಳು. ಪ್ರೇಮಮ್ಮನ ಕಣ್ಣಲ್ಲಿ ನೀರು ಬಂತು. ಎದ್ದು ಬಂದು ಅತ್ತೆಯ ಕೈ ಹಿಡಿದುಕೊಂಡಳು. ಆದರೆ ಮಾತು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಮಾರನೆಯ ದಿನ ನಡು ಮಧ್ಯಾಹ್ನ, ಸುಡುವ ಬಿಸಿಲಲ್ಲಿ, ಹುಡುಗಿ ಆಟ ಬಿಟ್ಟು ಬಂದು ಮೂಲೆಯಲ್ಲಿ ಮುದುಡಿಕೊಂಡಳು. "ಚಳಿ" ಅಂದಳು. ಹಲ್ಲು ಕಟಕಟ ಅನ್ನತೊಡಗಿದವು. ಶಿವರುದ್ರಮ್ಮನಿಗೆ ಯಾರೂ ಏನೂ ಹೇಳಬೇಕಾಗಿರಲಿಲ್ಲ. ಆ ನಡುಕವನ್ನು ಅವಳು ಆರು ಮೈಗಳಲ್ಲಿ ಕಂಡಿದ್ದಳು. ಬಸ್ಸು ಹತ್ತಿ, ರೈಲು ಹತ್ತಿ, ನನ್ನ ಸೆರಗು ಹಿಡಿದೇ ಬಂತಲ್ಲಪ್ಪಾ ಶಿವನೇ, ದಾರಿ ತೋರಿಸಿದವಳೇ ನಾನು ಎಂದು ಎದೆ ಎದೆ ಬಡಿದುಕೊಂಡಳು.

ಕಂಠಪ್ಪ ಡಾಕ್ಟರನ್ನು ಕರೆತರಲು ಓಡಿದ. ಪ್ರೇಮಮ್ಮ ಇದ್ದಬದ್ದ ಕಂಬಳಿಗಳನ್ನೆಲ್ಲ ಹೊದಿಸಿ, ಮೇಲೆ ತಾನೇ ಬಿದ್ದು ಅಮುಕಿ ಹಿಡಿದಳು. ಕಂಬಳಿಗಳ ಸಮೇತ ಹುಡುಗಿ ನಡುಗುತ್ತಿದ್ದಳು. "ಅವ್ವಾ, ಅವ್ವಾ" ಎಂದು ನರಳುತ್ತಿದ್ದಳು.

"ಕೂಗ್ತಾ ಅವ್ಳೆ, ಅದಕ್ಕೆ ಕೇಳಿಸ್ತಾ ಅದೆ!" ಶಿವರುದ್ರಮ್ಮ ಸೊಸೆಯ ರಟ್ಟೆ ಹಿಡಿದು ಎಳೆದಳು. "ಏಳಮ್ಮಿ! ಹೊಸಿಲ ಮೇಲೆ ನಿಂತ್ಕೊ. ನನ್ನ ಮಗಳಲ್ಲ ಅನ್ನು. ಗಟ್ಟಿಯಾಗಿ ಅನ್ನು!"

"ಅತ್ತೆ..."

"ಆ ಎರಡು ಗಂಡುಮಕ್ಕಳ್ನ ತಬ್ಬಿಕೊಂಡೇ ಕೂತಿದ್ದೆ ನೀನು. ಉಳಿಸ್ಕೊಂಡ್ಯಾ?"

ಆ ಮಾತು ಆಡಬಾರದಿತ್ತು. ಆಡಿಬಿಟ್ಟಳು. ಪ್ರೇಮಮ್ಮನ ಮುಖ ಬಿಳಿಚಿಕೊಂಡಿತು. ನಗರದ ದೀಪ, ನಲ್ಲಿ, ಶಾಲೆ, ನೆಟ್ಟನೆಯ ಬೀದಿ ಎಲ್ಲ ಅವಳ ತಲೆಯಿಂದ ಹಾರಿಹೋಗಿ ಆ ಕ್ಷಣಕ್ಕೆ ಅವಳೂ ಕೋಟೆಯ ಹಿತ್ತಿಲಲ್ಲೇ ನಿಂತಿದ್ದಳು. ಎದ್ದು ಹೋಗಿ ಹೊಸಿಲ ಮೇಲೆ ನಿಂತು, ಹೆಣ್ಣು ಧ್ವನಿಯೇ ಅಲ್ಲ ಅನ್ನುವ ಧ್ವನಿಯಲ್ಲಿ ಬೀದಿಗೆ ಕೂಗಿದಳು.

"ಇವಳು ನನ್ನ ಮಗಳಲ್ಲ! ನಾನು ಹೆತ್ತಿಲ್ಲ ಇವಳನ್ನ! ನಂಗೂ ಇವಳಿಗೂ ಏನೂ ಇಲ್ಲ! ಇವಳು ಕೋಟೆ ಕುಳ್ಳಮ್ಮನ ಮಗಳು, ನಂಗೆ ಬೇಡ ಇವಳು!"

ವಠಾರದ ಬಾಗಿಲುಗಳು ಒಂದೊಂದಾಗಿ ತೆರೆದವು. ಶಿವರುದ್ರಮ್ಮ ಹಿಂದಿರುಗಿ ನೋಡಿದಳು. ಕಂಬಳಿಯ ಅಂಚಿನಿಂದ ಹುಡುಗಿಯ ಎರಡು ಕಣ್ಣು ಅಗಲವಾಗಿ ತೆರೆದಿದ್ದವು. ನರಳಾಟ ನಿಂತಿತ್ತು.

ಡಾಕ್ಟರು ಬಂದು ಹೊಟ್ಟೆ ಒತ್ತಿ ನೋಡಿದರು. "ಕೋಟೆ ಜ್ವರ. ಇಲ್ಲಿ ಬಂದದ್ದಲ್ಲ ಇದು, ಅಲ್ಲಿಂದಲೇ ಮೈಯಲ್ಲಿ ಇಟ್ಟುಕೊಂಡು ಬಂದಿದೆ ಮಗು. ಹೊಟ್ಟೆಯಲ್ಲಿ ಜ್ವರಗಡ್ಡೆ ಕೈಗೆ ಸಿಗುತ್ತಿದೆ ನೋಡಿ. ಹೆದರಬೇಡಿ, ಈಗ ಒಳ್ಳೆಯ ಮಾತ್ರೆ ಬಂದಿದೆ" ಎಂದರು. ಮಾತ್ರೆ ಕಹಿ. ನುಂಗಿಸಲು ಬೆಲ್ಲ ಬೇಕಾಯಿತು. ದಿನ ಬಿಟ್ಟು ದಿನ ಬರುತ್ತಿದ್ದ ಚಳಿ ಮೂರನೆಯ ಸರದಿಗೆ ಬರಲೇ ಇಲ್ಲ.

ಶಿವರುದ್ರಮ್ಮ ನಿಟ್ಟುಸಿರು ಬಿಟ್ಟಳು. ಮಾತ್ರೆಗೋ ತನ್ನ ಉಪಾಯಕ್ಕೋ, ಅಂತೂ ಬದುಕಿತು ಜೀವ. ಗೆದ್ದೆ ಅನ್ನಿಸಿತು. ಎರಡು ದಿನ ಗಂಜಿ ಕಾಯಿಸುತ್ತಾ ತನಗೆ ತಾನೇ ಹಾಡಿಕೊಂಡಳು.

ಹುಡುಗಿ ಎದ್ದು ಕೂತು ಗಂಜಿ ಕುಡಿದಳು. ಬಟ್ಟಲು ಕೆಳಗಿಟ್ಟು, "ಸಾಕು ಅಕ್ಕ" ಅಂದಳು.

ಪ್ರೇಮಮ್ಮ ಜ್ವರದ ಮಂಪರು ಎಂದುಕೊಂಡಳು. ಮರುದಿನ ತಲೆ ಬಾಚುವಾಗ "ಸರ್ವಮಂಗಳಾ, ಇತ್ತ ತಿರುಗು ಮಗಳೇ" ಅಂದಳು. "ನನ್ನ ಹೆಸ್ರು ತಿಪ್ಪಿ" ಅಂದಿತು ಮಗು. ಸಿಟ್ಟಿಲ್ಲ, ಅಳುವಿಲ್ಲ. ಗೊತ್ತಿರುವುದನ್ನು ಹೇಳುವ ಹಾಗೆ ಹೇಳಿತು. ಆ ಮೇಲೆ ಹುಡುಗಿ ತನ್ನ ಹಾಸಿಗೆಯನ್ನು ತಾನೇ ಮಡಿಸತೊಡಗಿದಳು. ತಿನ್ನಲು ಕೊಟ್ಟರೆ ತಿನ್ನುವಳು, ಕೊಡದಿದ್ದರೆ ಕೇಳಳು. ಬಿದ್ದು ಮೊಣಕಾಲು ತರಚಿಕೊಂಡ ದಿನ ನಲ್ಲಿಯ ಬಳಿ ಹೋಗಿ ಒಬ್ಬಳೇ ತೊಳೆದುಕೊಂಡು ಬಂದಳು. ಪ್ರೇಮಮ್ಮ ಒಂದು ಹೊತ್ತೂ ಸರಿಯಾಗಿ ಉಣ್ಣದಾದಳು.

ಕಂಠಪ್ಪ ಅವ್ವನ ಮೇಲೆ ಹರಿಹಾಯ್ದ. "ನೀನು ಬರದೇ ಇದ್ದಿದ್ರೆ ಚೆನ್ನಾಗಿತ್ತು ಕಣವ್ವ!"

ಶಿವರುದ್ರಮ್ಮ ಎದ್ದು ಒಲೆಯ ಮುಂದೆ ಹೋಗಿ ಕೂತಳು. ಎಲ್ಲಿ ಹೋದರೂ ಆರು ತಟ್ಟೆಗಳ ಪಕ್ಕದಲ್ಲಿ ಈಗ ಇನ್ನೊಂದು ತಟ್ಟೆ ಕಾಣುತ್ತಿತ್ತು. ಅದರ ಮುಂದೆ ಬದುಕಿರುವ ಮಗುವೇ ಕೂತಿತ್ತು. ಸತ್ತ ಆರು ಮಕ್ಕಳ ಭಯಕ್ಕೆ ಇರುವುದೊಂದನ್ನು ತಾಯಿಯ ಮಡಿಲಿನಿಂದ ಎತ್ತಿ ಹೊರಗೆ ಹಾಕಿದವಳು ತಾನು ಎಂದು ಅವಳಿಗೆ ಹೊಳೆಯಿತು.

ಊರಿಗೆ ಹೊರಡುವ ಹಿಂದಿನ ದಿನ ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಿದ್ದರು, ಪ್ರೇಮಮ್ಮ ಬಡಿಸುತ್ತಿದ್ದಳು. ಶಿವರುದ್ರಮ್ಮ ತಟ್ಟೆ ಸರಿಸಿ ಎದ್ದಳು. ಬೀದಿ ಬಾಗಿಲನ್ನು ಪೂರಾ ತೆಗೆದಳು. ಎಣಿಸುವುದು ಹೊರಗೆ ಕೂತಿದ್ದರೆ ಕೂತಿರಲಿ ಎಂದು ಹಲ್ಲು ಕಚ್ಚಿ ಹೊಸಿಲ ಮೇಲೆ ನಿಂತು ಕೂಗಿದಳು.

"ಕೇಳ್ರಪ್ಪೋ! ಇವ್ಳು ನಮ್ಮ ಪ್ರೇಮನ ಮಗಳು! ಹೊಟ್ಟೇಲಿ ಹುಟ್ಟಿದ ಮಗಳು! ನನ್ನ ಮೊಮ್ಮಗಳು! ಏನ್ ಬೇಕಾದ್ರೂ ಆಗ್ಲಿ, ಬರೋದು ನನ್ನ ತಲೆ ಮೇಲೆ ಬರ್ಲಿ!"

ಒಳಗೆ ಬಂದು ಹುಡುಗಿಯ ಮುಂದೆ ಕುಕ್ಕರಿಸಿ, ಗಲ್ಲ ಹಿಡಿದು ಬೇಡಿಕೊಂಡಳು. "ಅನ್ನು ಕಂದ. ಅವ್ವ ಅನ್ನು. ಇನ್ನ ಯಾರೂ ಏನೂ ಮಾಡಾಕಿಲ್ಲ. ನಿಮ್ಮವ್ವ ಅಲ್ವಾ ಇವಳು?"

ಹುಡುಗಿ ಬಾಯಲ್ಲಿದ್ದ ತುತ್ತು ನುಂಗಿದಳು. "ಇಲ್ಲ ಅಜ್ಜಿ. ಅಕ್ಕನೇ ಹೇಳ್ತು. ನೀನೂ ಅಲ್ಲೇ ಇದ್ದೆ."

ಪ್ರೇಮಮ್ಮ ಬಡಿಸುತ್ತಿದ್ದ ಕೈ ನಿಲ್ಲಿಸಲಿಲ್ಲ. ಸಾರು ತಟ್ಟೆಯ ಅಂಚಿನಿಂದ ನೆಲಕ್ಕೆ ಹರಿಯುತ್ತಿದ್ದುದು ಅವಳಿಗೆ ಕಾಣಲಿಲ್ಲ.

ಹುಡುಗಿ ಊಟ ಮುಗಿಸಿ ತಟ್ಟೆ ತೊಳೆದು ಗೋಡೆಗೆ ಒರಗಿಸಿಟ್ಟಳು. ಒದ್ದೆ ಕೈಯನ್ನು ಲಂಗಕ್ಕೆ ಒರೆಸಿಕೊಂಡು ಬಂದು, ಪ್ರೇಮಮ್ಮನ ಎದುರು ಸ್ವಲ್ಪ ದೂರದಲ್ಲೇ ನಿಂತಳು.

"ಅಕ್ಕ, ನಾಳಿಕೆ ಅಜ್ಜಿ ಜೊತೆ ನಾನೂ ಊರಿಗೆ ಹೋಗ್ಲಾ? ನಮ್ಮವ್ವ ಕಾಯ್ತಿರ್ತದೆ."